ಹೊಸ ಕ್ಯಾಮೆರಾದ ಶಟರ್ ನಿಜವಾಗಿಯೂ ಕೆಟ್ಟಿದೆಯೇ? ಐದು ದೂರುಗಳ ಪರಿಶೀಲನೆ

ಮಂಡ್ಯದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನನ್ನ ಅಕ್ಕನ ಮಗಳು ಹೊಸದಾಗಿ ಕೊಂಡ ಮಿರರ್‌ಲೆಸ್ ಕ್ಯಾಮೆರಾ ಪರಿಶೀಲನೆಗೆಂದು ಮೈಸೂರಿನ ನಮ್ಮ ಮನೆಗೆ ಬಂದಾಗ, ಅದರೊಂದಿಗೆ ದೂರುಗಳ ಒಂದು ಪಟ್ಟಿಯೂ ಬಂತು. ಬೆಳಕನ್ನು ಒಳಬಿಟ್ಟು ಮುಚ್ಚುವ ಶಟರಿನ ವೇಗ 1/200 ಸೆಕೆಂಡನ್ನು ದಾಟುವುದೇ ಇಲ್ಲ. ಶಾಲೆಯ ವಾರ್ಷಿಕೋತ್ಸವದ ಚಿತ್ರಗಳ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬಿದ್ದಿವೆ. ಬೆನ್ನುಬೆನ್ನಿಗೆ ತೆಗೆದ ಮೂರು ಚಿತ್ರಗಳು ಮೂರು ಬಗೆಯ ಬೆಳಕಿನಲ್ಲಿ ಬರುತ್ತವೆ. ಎಲ್ಲವನ್ನೂ ಕೈಯಾರೆ ಹೊಂದಿಸುವ ಎಂ (ಮ್ಯಾನ್ಯುವಲ್) ಮೋಡ್‌ನಲ್ಲಿ ಶಟರ್ ಡಯಲ್ ಎಷ್ಟು ತಿರುಗಿಸಿದರೂ ಚಿತ್ರದ ಬೆಳಕು ಹಾಗೆಯೇ ಉಳಿಯುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ತೆಗೆದ ಹೆಜ್ಜಾರ್ಲೆ ಹಕ್ಕಿಗಳಲ್ಲಿ ಕೆಲವು ಗರಿಯೇ ಕಾಣದಷ್ಟು ಬಿಳುಚಿಕೊಂಡಿವೆ, ಕೆಲವು ಕರಿಯ ನೆರಳಾಗಿವೆ. “ಶಟರೇ ಹೋಗಿರಬೇಕು ಮಾವ, ಸರ್ವಿಸ್ ಸೆಂಟರಿಗೆ ಕಳಿಸಿಬಿಡಿ ಅಂತ ಅಂಗಡಿಯವರೂ ಹೇಳ್ತಿದ್ದಾರೆ” ಎಂದಳು ಅವಳು.

ಇಂಥ ಸಂದರ್ಭದಲ್ಲಿ ಮೊದಲು ಎಲ್ಲ ಸೆಟ್ಟಿಂಗ್‌ಗಳನ್ನೂ ಅಳಿಸಿ ಕಾರ್ಖಾನೆಯ ಸ್ಥಿತಿಗೆ ತರುವುದು ಹಲವರ ಪದ್ಧತಿ. ನಾನು ಅದನ್ನು ಮಾಡುವುದಿಲ್ಲ. ಹಾಗೆ ಅಳಿಸಿದರೆ ತೊಂದರೆ ಹೋಗಬಹುದು, ಆದರೆ ಅದಕ್ಕೆ ಕಾರಣವಾದ ಸೆಟ್ಟಿಂಗ್ ಯಾವುದೆಂಬ ಸುಳಿವೂ ಅದರೊಂದಿಗೆ ಅಳಿಸಿಹೋಗುತ್ತದೆ, ಮತ್ತು ಮುಂದಿನ ತಿಂಗಳು ಅದೇ ತೊಂದರೆ ಮರಳಿ ಬರುತ್ತದೆ. ಡಿಜಿಟಲ್ ಕ್ಯಾಮೆರಾದ ಒಂದು ದೊಡ್ಡ ಉಪಕಾರವೆಂದರೆ ಪ್ರತಿಯೊಂದು ಚಿತ್ರದ ಫೈಲಿನಲ್ಲೂ ಶಟರ್ ವೇಗ, ಅಪರ್ಚರ್ (ಲೆನ್ಸಿನ ಕಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ), ಮೀಟರಿಂಗ್ ಅಂದರೆ ಬೆಳಕನ್ನು ಅಳೆಯುವ ಕ್ರಮ, ಫ್ಲ್ಯಾಶ್ ಉರಿಯಿತೇ ಇಲ್ಲವೇ ಎಂಬ ವಿವರಗಳು ದಾಖಲಾಗಿರುತ್ತವೆ. ಆದ್ದರಿಂದ ಅವಳ ಕಾರ್ಡನ್ನು ಖಾಲಿ ಮಾಡದೆ ಹಾಗೆಯೇ ತರಿಸಿಕೊಂಡು, ದೂರಿಗೆ ಒಳಗಾದ ಪ್ರತಿಯೊಂದು ಚಿತ್ರದ ವಿವರವನ್ನೂ ಓದಿ ಬರೆದಿಟ್ಟುಕೊಂಡೆ.

ಆದರೆ ಸೆಟ್ಟಿಂಗ್‌ಗಳ ಬೆನ್ನು ಹತ್ತುವ ಮೊದಲು ಶಟರ್ ಎಂಬ ಯಂತ್ರಭಾಗ ಸರಿಯಾಗಿದೆಯೇ ಎಂಬುದು ಇತ್ಯರ್ಥವಾಗಬೇಕಿತ್ತು. ಇದಕ್ಕೆ ಬೇಕಾದದ್ದು ಬಣ್ಣ ಬಳಿದ ಒಂದು ಸಾದಾ ಗೋಡೆ ಮತ್ತು ಬದಲಾಗದ ಹಗಲು ಬೆಳಕು. ನಮ್ಮ ತಾರಸಿಯಲ್ಲಿ ಪಡುವಣಕ್ಕೆ ಮುಖಮಾಡಿದ ಗೋಡೆಯ ಮೇಲೆ ಬೆಳಗಿನ ಹೊತ್ತು ನೇರ ಬಿಸಿಲು ಬೀಳುವುದಿಲ್ಲ, ತೆರೆದ ಆಕಾಶದ ಬೆಳಕು ಮಾತ್ರ ಸಮನಾಗಿ ಹರಡಿರುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಗೋಡೆಯ ಗಾರೆಯ ಉಬ್ಬುತಗ್ಗುಗಳು ಅಡ್ಡಿಯಾಗದಿರಲೆಂದು ಫೋಕಸನ್ನು ಬೇಕೆಂದೇ ತಪ್ಪಿಸಿ, ಅಪರ್ಚರನ್ನು ಎಫ್/8ರಲ್ಲಿ ನಿಲ್ಲಿಸಿದೆ. ನಂತರ ಶಟರ್ ವೇಗವನ್ನು ಒಂದೊಂದು ಸ್ಟಾಪ್ (ಬೆಳಕು ಅರ್ಧವಾಗುವ ಅಥವಾ ಇಮ್ಮಡಿಯಾಗುವ ಒಂದು ಮೆಟ್ಟಿಲು) ಏರಿಸುತ್ತ, ಕಳೆದುಕೊಂಡ ಬೆಳಕನ್ನು ಐಎಸ್‌ಒದಿಂದ ತುಂಬಿಕೊಡುತ್ತ ಹೋದೆ: 1/60ಕ್ಕೆ ಐಎಸ್‌ಒ 100, 1/125ಕ್ಕೆ 200, 1/250ಕ್ಕೆ 400, 1/500ಕ್ಕೆ 800, 1/1000ಕ್ಕೆ 1600, 1/2000ಕ್ಕೆ 3200, 1/4000ಕ್ಕೆ 6400. ಕೊನೆಯಲ್ಲಿ ಮತ್ತೆ 1/60ಕ್ಕೆ ಮರಳಿ ಒಂದು ಚಿತ್ರ ತೆಗೆದೆ. ಮೋಡ ಅಡ್ಡ ಬಂದು ಬೆಳಕೇ ಬದಲಾಗಿದ್ದರೆ ಮೊದಲ ಮತ್ತು ಕೊನೆಯ ಚಿತ್ರಗಳು ಹೊಂದುವುದಿಲ್ಲ, ಆಗ ಇಡೀ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಶಟರ್ ಸರಿಯಾಗಿದ್ದರೆ ಈ ಎಲ್ಲ ಚಿತ್ರಗಳ ಹಿಸ್ಟೋಗ್ರಾಂನ, ಅಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ, ದಿಬ್ಬ ಒಂದೇ ಜಾಗದಲ್ಲಿ ನಿಲ್ಲಬೇಕು. ವೇಗ ಹೆಚ್ಚಿದಂತೆ ಚಿತ್ರದ ಮೇಲಂಚೋ ಕೆಳಂಚೋ ಕಪ್ಪಾಗುತ್ತ ಬಂದರೆ ಶಟರಿನೊಳಗೆ ಒಂದರ ಹಿಂದೊಂದು ಓಡುವ ಎರಡು ಪರದೆಗಳ ನಡುವಿನ ಅಂತರ ಓಟದ ಉದ್ದಕ್ಕೂ ಒಂದೇ ಸಮನಾಗಿಲ್ಲ ಎಂದು ಅರ್ಥ, ಅದು ನಿಜಕ್ಕೂ ಸರ್ವಿಸ್ ಸೆಂಟರಿಗೆ ಹೋಗಬೇಕಾದ ದೋಷ. ಈ ಕ್ಯಾಮೆರಾದಲ್ಲಿ 1/4000ರವರೆಗೂ ದಿಬ್ಬ ಕದಲಲಿಲ್ಲ. ಐಎಸ್‌ಒ ಏರಿದಂತೆ ಕಾಳುಕಾಳಾದ ನಾಯ್ಸ್ ಹೆಚ್ಚಿ ದಿಬ್ಬದ ಬುಡ ಅಗಲವಾಯಿತು, ನೆತ್ತಿ ಇದ್ದಲ್ಲೇ ಇತ್ತು. ಅಪರ್ಚರನ್ನು ಪೂರ್ತಿ ತೆರೆದಾಗ ನಾಲ್ಕೂ ಮೂಲೆಗಳು ತುಸು ಮಂಕಾದವು. ಅದು ಲೆನ್ಸಿನ ಸಹಜ ಗುಣ, ಅದಕ್ಕೂ ಶಟರಿಗೂ ಸಂಬಂಧವಿಲ್ಲ. ಅಲ್ಲಿಗೆ ಯಂತ್ರ ಆರೋಗ್ಯವಾಗಿದೆ ಎಂಬುದು ಖಚಿತವಾಯಿತು. ಇನ್ನು ಉಳಿದ ಪ್ರಶ್ನೆ, ಒಂದೊಂದು ದೂರಿನ ಹಿಂದೆಯೂ ಶಟರಿನ ಮೇಲೆ ಯಾವ ಬೇರೆ ಸೆಟ್ಟಿಂಗ್ ಕೈಯಾಡಿಸುತ್ತಿದೆ ಎಂಬುದು.

1/200ರ ಮಿತಿಯ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಗಡಿಯಿಂದ ತಂದ ದಿನವೇ ಅವಳು ಕ್ಯಾಮೆರಾದ ತಲೆಯ ಮೇಲೆ ಸಣ್ಣ ಫ್ಲ್ಯಾಶ್ ಕೂರಿಸಿದ್ದಳು, ಅದು ಆನ್ ಆಗಿಯೇ ಇತ್ತು. ಇಂಥ ಶಟರಿನಲ್ಲಿ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಸೆನ್ಸರನ್ನು, ಅಂದರೆ ಬೆಳಕನ್ನು ಚಿತ್ರವಾಗಿಸುವ ಫಲಕವನ್ನು, ತೆರೆಯುತ್ತದೆ, ಎರಡನೆಯದು ಅದನ್ನು ಹಿಂಬಾಲಿಸಿ ಮುಚ್ಚುತ್ತದೆ. ವೇಗ ಹೆಚ್ಚಾದಾಗ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಡಬೇಕಾಗುವುದರಿಂದ ಸೆನ್ಸರ್ ಪೂರ್ತಿ ತೆರೆದಿರುವ ಕ್ಷಣವೇ ಇರುವುದಿಲ್ಲ, ಒಂದು ಸಂದು ಮಾತ್ರ ಮೇಲಿಂದ ಕೆಳಗೆ ಸಾಗುತ್ತದೆ. ಫ್ಲ್ಯಾಶಿನ ಮಿಂಚು ಆ ಸಂದಿನ ಪಾಲಿಗಷ್ಟೇ ಸಿಕ್ಕಿ ಉಳಿದ ಭಾಗ ಕಪ್ಪಾಗಬಾರದೆಂದು, ಫ್ಲ್ಯಾಶ್ ಆನ್ ಇರುವಷ್ಟು ಕಾಲ ಕ್ಯಾಮೆರಾ 1/200ಕ್ಕಿಂತ ಮುಂದೆ ಬಿಡುವುದಿಲ್ಲ. ಫ್ಲ್ಯಾಶನ್ನು ಆಫ್ ಮಾಡಿದ ಕೂಡಲೇ ಡಯಲ್ 1/4000ರವರೆಗೆ ಸರಾಗವಾಗಿ ತಿರುಗಿತು. ಫ್ಲ್ಯಾಶ್ ಇಟ್ಟುಕೊಂಡೇ ಹೆಚ್ಚಿನ ವೇಗ ಬೇಕಾದರೆ ಹೈ ಸ್ಪೀಡ್ ಸಿಂಕ್ ಸೌಲಭ್ಯವಿರುವ ಫ್ಲ್ಯಾಶ್ ಬೇಕು, ಅದರಲ್ಲಿ ಬೆಳಕಿನ ಬಲ ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದೂ ನೆನಪಿರಬೇಕು.

ಹೆಚ್ಚು ಗಮನ ಬೇಡಿದ್ದು ವಾರ್ಷಿಕೋತ್ಸವದ ಪಟ್ಟಿಗಳು. ಮಕ್ಕಳ ಭರತನಾಟ್ಯದ ನಡುವೆ ಕ್ಲಿಕ್ ಸದ್ದು ಕೇಳಬಾರದೆಂದು ಅವಳು ಸೈಲೆಂಟ್ ಶಟರ್ ಆಯ್ದುಕೊಂಡಿದ್ದಳು. ಉದ್ದೇಶ ಒಳ್ಳೆಯದೇ, ಆದರೆ ಆ ಸಭಾಂಗಣದ ತುಂಬ ಎಲ್ಇಡಿ ದೀಪಗಳಿದ್ದವು. ನಮ್ಮ ದೇಶದ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳನ್ನು ಪೂರೈಸುತ್ತದೆ. ಪ್ರತಿ ಆವರ್ತನೆಯಲ್ಲಿ ಅದು ಎರಡು ಸಲ ಶೂನ್ಯಕ್ಕೆ ಇಳಿದು ಏರುವುದರಿಂದ, ದೀಪಕ್ಕೆ ವಿದ್ಯುತ್ತನ್ನು ಹೊಂದಿಸಿಕೊಡುವ ಒಳಗಿನ ಡ್ರೈವರ್ ಸಾಧಾರಣ ಮಟ್ಟದ್ದಾಗಿದ್ದರೆ ಎಲ್ಇಡಿ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಹಳೆಯ ತಂತಿ ಬಲ್ಬಿನಲ್ಲಿ ಕಾದ ತಂತಿ ಅಷ್ಟು ಬೇಗ ತಣಿಯದ ಕಾರಣ ಏರಿಳಿತ ಕಡಿಮೆ, ಎಲ್ಇಡಿಗೆ ಆ ತಾಳಿಕೆ ಇಲ್ಲ.

ಇದನ್ನು ಮನೆಯ ಹಾಲಿನಲ್ಲೇ ಪರೀಕ್ಷಿಸಿದೆ. ಕಿಟಕಿಗಳನ್ನು ಮುಚ್ಚಿ, ಎಲ್ಇಡಿ ಟ್ಯೂಬ್‌ಲೈಟ್ ಒಂದನ್ನೇ ಹಾಕಿ, ಬಿಳಿ ಗೋಡೆಯನ್ನು ಸೈಲೆಂಟ್ ಶಟರಿನಲ್ಲಿ 1/1000ಕ್ಕೆ ತೆಗೆದಾಗ, ಚಿತ್ರದ ಮೇಲಿನಿಂದ ಕೆಳಗಿನವರೆಗೆ ಐದು ಕಪ್ಪು ಪಟ್ಟಿಗಳು ಒಂದೇ ಅಂತರದಲ್ಲಿ ಕಂಡವು. ಈ ಎಣಿಕೆ ಬಹಳ ಉಪಯೋಗದ್ದು. ದೀಪ ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ ಮಂಕಾಗುವುದರಿಂದ ಐದು ಪಟ್ಟಿಗಳೆಂದರೆ ಹೆಚ್ಚುಕಡಿಮೆ 50 ಮಿಲಿಸೆಕೆಂಡ್. ಸೈಲೆಂಟ್ ಶಟರಿನಲ್ಲಿ ಪರದೆ ಚಲಿಸುವುದಿಲ್ಲ, ಸೆನ್ಸರಿನ ಸಾಲುಗಳನ್ನು ಒಂದಾದ ಮೇಲೊಂದರಂತೆ ಓದಲಾಗುತ್ತದೆ. ಅಂದರೆ ಪ್ರತಿಯೊಂದು ಸಾಲು 1/1000 ಸೆಕೆಂಡ್ ಮಾತ್ರ ಬೆಳಕು ಹೀರಿದರೂ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಸುಮಾರು 1/20 ಸೆಕೆಂಡ್ ಕಳೆದಿರುತ್ತದೆ. ತಯಾರಕರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಮುದ್ರಿಸದ ಈ ಅಂಕಿಯನ್ನು ಒಂದು ಟ್ಯೂಬ್‌ಲೈಟ್ ಅಳೆದುಕೊಡುತ್ತದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಅದೇ ಸೆಟ್ಟಿಂಗ್‌ನಲ್ಲಿ ತಿರುಗುತ್ತಿದ್ದ ಸೀಲಿಂಗ್ ಫ್ಯಾನನ್ನು ತೆಗೆದಾಗ ಅದರ ರೆಕ್ಕೆಗಳು ಬಾಗಿ ಕಂಡವು, ಕಾರಣವೂ ಇದೇ ನಿಧಾನದ ಓದು.

ಮುಂದೆ ಶಟರ್ ವೇಗವನ್ನು ಇಳಿಸುತ್ತ ಬಂದೆ. 1/250ರಲ್ಲಿ ಪಟ್ಟಿಗಳು ತಿಳಿಯಾದವು, 1/125ರಲ್ಲಿ ಹುಡುಕಿದರೆ ಮಾತ್ರ ಕಂಡವು, 1/100ರಲ್ಲಿ ಪೂರ್ತಿ ಮಾಯವಾದವು. ಸೆನ್ಸರಿನ ಪ್ರತಿಯೊಂದು ಸಾಲಿಗೂ ದೀಪದ ಒಂದು ಪೂರ್ತಿ ಏರಿಳಿತ ಸಿಕ್ಕಿದ್ದರಿಂದ ಎಲ್ಲ ಸಾಲುಗಳ ಪಾಲು ಸಮವಾಯಿತು. 1/50ರಲ್ಲಿ ಎರಡು ಪೂರ್ತಿ ಏರಿಳಿತಗಳು ಸಿಗುವುದರಿಂದ ಅಲ್ಲಿಯೂ ಪಟ್ಟಿ ಇಲ್ಲ.

ಯಾಂತ್ರಿಕ ಶಟರಿಗೆ ಬದಲಾಯಿಸಿದಾಗ ಚಿತ್ರಣವೇ ಬೇರೆಯಾಯಿತು. ಫ್ಲ್ಯಾಶಿನೊಂದಿಗೆ 1/200ರವರೆಗೆ ಸೆನ್ಸರ್ ಪೂರ್ತಿ ತೆರೆದಿರುತ್ತದೆ ಎಂದರೆ ಪರದೆ 5 ಮಿಲಿಸೆಕೆಂಡಿಗಿಂತ ಬೇಗ ಓಡಿ ಮುಗಿಸುತ್ತದೆ ಎಂದೇ ಅರ್ಥ. ಇದು ದೀಪದ ಒಂದು ಏರಿಳಿತದ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಐದು ಪಟ್ಟಿಗಳಿಗೆ ಎಡೆಯೇ ಇರುವುದಿಲ್ಲ. ಬದಲಿಗೆ 1/1000ರಲ್ಲಿ ಬೆನ್ನುಬೆನ್ನಿಗೆ ತೆಗೆದಾಗ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಮಂಕು, ಮತ್ತೊಂದರ ಒಂದಂಚಿಗೆ ಮಾತ್ರ ನೆರಳು, ಹೀಗೆ ಲೆಕ್ಕಕ್ಕೆ ಸಿಗದಂತೆ ಬಂದವು. ಇದಕ್ಕೆ ಮೆನುವಿನಲ್ಲಿ ಆ್ಯಂಟಿ-ಫ್ಲಿಕರ್ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಕ್ಯಾಮೆರಾ ದೀಪದ ಲಯವನ್ನು ಗುರುತಿಸಿ, ಬೆಳಕು ನೆತ್ತಿಗೇರಿದ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಸಾಲಾಗಿ ತೆಗೆಯುವ ವೇಗ ಸ್ವಲ್ಪ ತಗ್ಗಿತು, ಬೆಳಕು ಮಾತ್ರ ಎಲ್ಲ ಚಿತ್ರಗಳಲ್ಲೂ ಒಂದೇ ಆಯಿತು. ನೃತ್ಯಕ್ಕೆ ಯಾಂತ್ರಿಕ ಶಟರ್ ಮತ್ತು ಆ್ಯಂಟಿ-ಫ್ಲಿಕರ್, ಭಾಷಣ ಮತ್ತು ಬಹುಮಾನ ವಿತರಣೆಗೆ ಸೈಲೆಂಟ್ ಶಟರಿನಲ್ಲಿ 1/100 ಎಂದು ಅವಳಿಗೆ ಬರೆದುಕೊಟ್ಟೆ. ವೇದಿಕೆಯ ಬಣ್ಣದ ದೀಪಗಳ ವಿಷಯ ಬೇರೆ. ಅವುಗಳ ಬೆಳಕನ್ನು ತಗ್ಗಿಸುವ ವ್ಯವಸ್ಥೆ ತನ್ನದೇ ವೇಗದಲ್ಲಿ ದೀಪವನ್ನು ಆರಿಸಿ ಹೊತ್ತಿಸುತ್ತಿದ್ದರೆ 1/100 ಕೆಲಸಕ್ಕೆ ಬರುವುದಿಲ್ಲ. ಕಾರ್ಯಕ್ರಮ ಶುರುವಾಗುವ ಮುನ್ನವೇ ನಾಲ್ಕಾರು ವೇಗಗಳಲ್ಲಿ ತೆಗೆದು ನೋಡಿಕೊಳ್ಳುವುದೊಂದೇ ಅಲ್ಲಿ ನಂಬಬಹುದಾದ ದಾರಿ.

ಮೂರು ಚಿತ್ರ ಮೂರು ಬೆಳಕು ಎಂಬ ದೂರೂ ದೀಪದ ಆಟವೇ ಇರಬಹುದೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಅವು ಹಗಲು ಬೆಳಕಿನಲ್ಲಿ ತೆಗೆದವು, ಮತ್ತು ಅವುಗಳಲ್ಲಿ ಒಂದು ಕ್ರಮವಿತ್ತು: ಮೊದಲನೆಯದು ಸರಿ, ಎರಡನೆಯದು ಒಂದು ಸ್ಟಾಪ್ ಕಪ್ಪು, ಮೂರನೆಯದು ಒಂದು ಸ್ಟಾಪ್ ಬೆಳ್ಳಗೆ, ನಾಲ್ಕನೆಯದು ಮತ್ತೆ ಸರಿ. ಹೀಗೆ ಮೂರರ ಲೆಕ್ಕದಲ್ಲಿ ಮರುಕಳಿಸಿದರೆ ಅದು ಬ್ರ್ಯಾಕೆಟಿಂಗ್, ಒಂದೇ ದೃಶ್ಯವನ್ನು ಬೇಕೆಂದೇ ಬೇರೆಬೇರೆ ಬೆಳಕಿನಲ್ಲಿ ತೆಗೆಯುವ ಸೆಟ್ಟಿಂಗ್. ಆಫ್ ಮಾಡಿದೆ, ನಿಂತಿತು.

ಎಂ ಮೋಡ್‌ನ ದೂರಿನ ಮೂಲ ಆಟೋ ಐಎಸ್‌ಒ. ಎಂ ಎಂದರೆ ಎಲ್ಲವೂ ನಮ್ಮ ಕೈಯಲ್ಲಿದೆ ಎಂದೇ ಹೊಸಬರು ತಿಳಿಯುತ್ತಾರೆ, ಹೆಸರೂ ಹಾಗೆಯೇ ಇದೆ. ಆದರೆ ಐಎಸ್‌ಒ ಆಟೋದಲ್ಲಿದ್ದರೆ ಮೂರರಲ್ಲಿ ಒಂದು ಹಿಡಿ ಇನ್ನೂ ಕ್ಯಾಮೆರಾದ ಕೈಯಲ್ಲೇ ಇರುತ್ತದೆ. ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟು, ಅಡುಗೆಮನೆಯ ಕಪಾಟಿನ ಕಡೆಗೆ ತಿರುಗಿಸಿ, ಶಟರನ್ನು ಒಂದೊಂದು ಸ್ಟಾಪ್ ಏರಿಸುತ್ತ ಕ್ಯಾಮೆರಾದ ಸ್ಕ್ರೀನಿನ ಕೆಳಮೂಲೆಯ ಐಎಸ್‌ಒ ಅಂಕಿಯನ್ನು ಓದುವಂತೆ ಹೇಳಿದೆ. 1/60ರಲ್ಲಿ 800, 1/125ರಲ್ಲಿ 1600, 1/250ರಲ್ಲಿ 3200, 1/500ರಲ್ಲಿ 6400. ಅವಳು ಕಳೆದ ಬೆಳಕನ್ನು ಕ್ಯಾಮೆರಾ ಅಷ್ಟಕ್ಕಷ್ಟೇ ತುಂಬುತ್ತಿತ್ತು. 6400 ಎಂಬುದು ಮೆನುವಿನಲ್ಲಿ ಗೊತ್ತುಪಡಿಸಿದ್ದ ಮೇಲ್ಮಿತಿಯಾದ್ದರಿಂದ 1/1000ಕ್ಕೆ ಹೋದಾಗ ಐಎಸ್‌ಒ ಅಲ್ಲೇ ನಿಂತು, ಅಂಕಿ ಮಿನುಗಿ, ಚಿತ್ರ ಮೊದಲ ಸಲ ಕಪ್ಪಾಯಿತು. “ಅಯ್ಯೋ, ಇದು ನನ್ನ ಬೆನ್ನ ಹಿಂದೆ ಲೆಕ್ಕ ಸರಿ ಮಾಡ್ತಿತ್ತು!” ಎಂದಳು. ಐಎಸ್‌ಒವನ್ನು 400ಕ್ಕೆ ಕಟ್ಟಿಹಾಕಿದ ಮೇಲೆ ಡಯಲಿನ ಪ್ರತಿ ತಿರುವೂ ಚಿತ್ರದಲ್ಲಿ ಕಾಣತೊಡಗಿತು. ಆಟೋ ಐಎಸ್‌ಒ ಕೆಟ್ಟದ್ದಲ್ಲ. ಬೆಳಕು ಕ್ಷಣಕ್ಷಣಕ್ಕೂ ಬದಲಾಗುವ ಕಡೆ, ಉದಾಹರಣೆಗೆ ದೇವರಾಜ ಮಾರುಕಟ್ಟೆಯ ಓಣಿಗಳಲ್ಲಿ ನೆರಳಿನಿಂದ ಬಿಸಿಲಿಗೆ ನಡೆಯುತ್ತ ಚಿತ್ರ ತೆಗೆಯುವಾಗ, ಅದಕ್ಕಿಂತ ಒಳ್ಳೆಯ ಸಹಾಯ ಇನ್ನೊಂದಿಲ್ಲ. ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಕೊಡಬೇಕೆಂಬುದನ್ನು, ಕಲಿಯುವ ಮೊದಲ ವಾರಗಳಲ್ಲಿ ಮಾತ್ರ ಅದನ್ನು ಆಫ್ ಮಾಡಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಗೆ ಉಳಿದದ್ದು ಹೆಜ್ಜಾರ್ಲೆಗಳು. ಅದಕ್ಕೆ ಮನೆಯ ಗೋಡೆ ಸಾಲದು, ಕ್ಯಾಮೆರಾದೊಂದಿಗೆ ಕೊಕ್ಕರೆ ಬೆಳ್ಳೂರಿಗೇ ಹೋಗಬೇಕಾಯಿತು. ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮುಂತಾದ ಮರಗಳ ಮೇಲೆ ಗೂಡು ಕಟ್ಟುತ್ತವೆ. ನಾವು ಕೆಳಗೆ, ಹಕ್ಕಿ ಮೇಲೆ. ಒಂದೇ ಹಕ್ಕಿ ಒಂದು ಕ್ಷಣ ಹುಣಸೆಯ ಕಡುಹಸಿರನ್ನು ಹಿಂದಿಟ್ಟುಕೊಂಡು ಕುಳಿತಿರುತ್ತದೆ, ಮರುಕ್ಷಣ ಬಿಳಿಯ ಆಕಾಶಕ್ಕೆ ಹಾರುತ್ತದೆ. ಕ್ಯಾಮೆರಾದ ಮೀಟರಿಗೆ ಹಕ್ಕಿ ಯಾವುದು, ಆಕಾಶ ಯಾವುದು ಎಂಬ ವಿವೇಕ ಪೂರ್ತಿಯಾಗಿ ಇಲ್ಲ. ತಾನು ಕಾಣುವುದರ ಸರಾಸರಿಯನ್ನು ನಡುಬೂದು ಬಣ್ಣಕ್ಕೆ ತರುವುದು ಅದರ ಮೂಲ ಸ್ವಭಾವ. ಹಿನ್ನೆಲೆ ಕಪ್ಪಾದಾಗ ಅದು ಬೆಳಕು ಹೆಚ್ಚಿಸುತ್ತದೆ, ಬಿಳಿ ಹಕ್ಕಿಯ ಗರಿಗಳು ಕರಗಿಹೋಗುತ್ತವೆ. ಹಿನ್ನೆಲೆ ಆಕಾಶವಾದಾಗ ಬೆಳಕು ತಗ್ಗಿಸುತ್ತದೆ, ಹಕ್ಕಿ ನೆರಳಾಗುತ್ತದೆ. ಅವಳ ಕಾರ್ಡಿನಲ್ಲಿದ್ದ ಎರಡೂ ಬಗೆಯ ಚಿತ್ರಗಳು ಇದಕ್ಕೆ ಸರಿಯಾಗಿ ಹೊಂದಿದವು.

ಕೂತ ಹಕ್ಕಿಗೆ ಮೀಟರಿನ ಲೆಕ್ಕದಿಂದ ಬೆಳಕನ್ನು ಕೂಡುವ ಅಥವಾ ಕಳೆಯುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಸಾಕು. ಎಲೆಗಳ ಹಿನ್ನೆಲೆಗೆ ಮೈನಸ್ 0.7, ಆಕಾಶದ ಹಿನ್ನೆಲೆಗೆ ಪ್ಲಸ್ 1.3ರಿಂದ ಪ್ರಾರಂಭಿಸಿ ನೋಡಬಹುದು. ಆದರೆ ಹಾರುವ ಹಕ್ಕಿಯ ಹಿನ್ನೆಲೆ ಬದಲಾಗುವ ವೇಗಕ್ಕೆ ಡಯಲ್ ತಿರುಗಿಸಲು ಯಾರಿಂದಲೂ ಆಗದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಬದಲಾಗಿಲ್ಲ. ಆದ್ದರಿಂದ ಎಂ ಮೋಡ್, ಸ್ಥಿರ ಐಎಸ್‌ಒ, ಬಿಸಿಲಿಗೆ ತಕ್ಕ ಒಂದೇ ಎಕ್ಸ್‌ಪೋಷರ್. ಫಿಲಂ ಕಾಲದಿಂದ ಬಂದ ಲೆಕ್ಕವೊಂದು ಇಲ್ಲಿ ನೆರವಾಗುತ್ತದೆ: ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒದ ಅಂಕಿಯಷ್ಟೇ ಆಗುತ್ತದೆ. ಐಎಸ್‌ಒ 400ಕ್ಕೆ ಎಫ್/16ರಲ್ಲಿ 1/400 ಸೆಕೆಂಡ್, ಅದೇ ಬೆಳಕಿಗೆ ಎಫ್/6.3ರಲ್ಲಿ 1/2500. ಬಿಳಿ ಗರಿಯನ್ನು ಉಳಿಸಿಕೊಳ್ಳಲು ಇನ್ನೂ ಸ್ವಲ್ಪ ತಗ್ಗಿಸಿ 1/3200. ರೆಕ್ಕೆಯ ತುದಿ ಅಲುಗದಂತೆ ಹಿಡಿಯಲು ಈ ವೇಗ ಧಾರಾಳವಾಯಿತು. ಎಳೆ ಬಿಸಿಲಿನ ಹೊತ್ತಿಗೆ ಒಂದು ಸ್ಟಾಪ್ ಕೆಳಗಿಳಿದು 1/1600ರಲ್ಲಿ ಪ್ರಾರಂಭಿಸಿ, ಬಿಸಿಲೇರಿದಂತೆ 1/3200ಕ್ಕೆ ಬಂದೆವು.

ಅಪರ್ಚರನ್ನು ಎಫ್/6.3ರಲ್ಲಿ ಇಟ್ಟದ್ದಕ್ಕೂ ಕಾರಣವಿದೆ. ಅವಳ 70–300 ಮಿಮೀ ಲೆನ್ಸು 70ರಲ್ಲಿ ಎಫ್/4.5ರವರೆಗೆ ತೆರೆಯುತ್ತದೆ, 300ರಲ್ಲಿ ಎಫ್/6.3ಕ್ಕೇ ನಿಲ್ಲುತ್ತದೆ. 4.5ರಲ್ಲಿಟ್ಟು ಝೂಮ್ ಮಾಡಿದರೆ ದಾರಿಯಲ್ಲೇ ಒಂದು ಪೂರ್ತಿ ಸ್ಟಾಪ್ ಬೆಳಕು ಕಳೆದುಹೋಗುತ್ತದೆ, ಮತ್ತೆ ಶಟರಿನ ಮೇಲೆಯೇ ಅನುಮಾನ ಬರುತ್ತದೆ. ಸೈಲೆಂಟ್ ಶಟರನ್ನು ಇಲ್ಲಿಯೂ ಬಿಡಿಸಿದೆ, ಏಕೆಂದರೆ 1/20 ಸೆಕೆಂಡಿನ ಓದಿನಲ್ಲಿ ಬೀಸುವ ರೆಕ್ಕೆ ಬಾಗದೆ ಇರದು.

ಫಲಿತಾಂಶವನ್ನು ಕ್ಯಾಮೆರಾದ ಸ್ಕ್ರೀನಿನ ಹೊಳಪು ನಂಬಿ ತೀರ್ಮಾನಿಸಬಾರದು, ಬಿಸಿಲಿನಲ್ಲಿ ಅದು ಮೋಸ ಮಾಡುತ್ತದೆ. ಕೆಂಪು, ಹಸಿರು, ನೀಲಿಗಳ ಪ್ರತ್ಯೇಕ ಹಿಸ್ಟೋಗ್ರಾಂ ತೆರೆದು ನೋಡಿದೆವು. ಹೆಜ್ಜಾರ್ಲೆಯ ಬೂದು ಬೆರೆತ ಬಿಳಿ ಸುಲಭವಾಗಿ ಒಳಗೇ ಉಳಿಯಿತು. ಬಣ್ಣದ ಕೊಕ್ಕರೆಯ ಬಾಲದ ಬಳಿಯ ಗುಲಾಬಿ ಗರಿಗಳಲ್ಲಿ ಮಾತ್ರ ಕೆಂಪು ಚಾನೆಲ್ ಬಲದಂಚಿಗೆ ಒತ್ತಿಕೊಂಡಿತ್ತು, 1/4000ಕ್ಕೆ ಏರಿಸಿದ ಮೇಲೆ ಒಳಗೆ ಬಂತು. ಆ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಗುಲಾಬಿಯೊಳಗೆ ಒಂದೊಂದು ಗರಿಯ ಎಳೆಯೂ ಬೇರೆಬೇರೆಯಾಗಿ ಕಂಡಿತು. ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆದರೆ ಇನ್ನಷ್ಟು ಸಡಿಲು ಸಿಗುತ್ತದೆ, ಆದರೂ ಪೂರ್ತಿ ತುಂಬಿಹೋದ ಚಾನೆಲನ್ನು ಯಾವ ತಂತ್ರಾಂಶವೂ ನಿಜವಾಗಿ ಮರಳಿಸಲಾರದು.

ಪಟ್ಟಿಯಲ್ಲಿಲ್ಲದ ಒಂದು ತೊಂದರೆ ಚಾಮುಂಡಿ ಬೆಟ್ಟದಿಂದ ರಾತ್ರಿಯ ನಗರವನ್ನು ತೆಗೆಯುವಾಗ ಎದುರಾಯಿತು. ಶಟರ್ ಬಟನ್ ಒತ್ತಿದರೂ ಕ್ಯಾಮೆರಾ ಸುಮ್ಮನಿತ್ತು. ಕತ್ತಲಲ್ಲಿ ಫೋಕಸ್ ಸಿಗದೆ ಅದು ಕಾಯುತ್ತಿತ್ತು, ಮ್ಯಾನ್ಯುವಲ್ ಫೋಕಸಿಗೆ ಬದಲಾಯಿಸಿ ದೂರದ ದೀಪಗಳಿಗೆ ಹೊಂದಿಸಿದ ಮೇಲೆ ತಕ್ಷಣ ತೆರೆಯಿತು. 30 ಸೆಕೆಂಡಿನ ಎಕ್ಸ್‌ಪೋಷರ್ ಮುಗಿದ ಮೇಲೆ ಮತ್ತೆ 30 ಸೆಕೆಂಡ್ ಕ್ಯಾಮೆರಾ ಬ್ಯುಸಿ ಎಂದು ತೋರಿಸಿದ್ದೂ ದೋಷವಲ್ಲ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಅಷ್ಟೇ ಅವಧಿಯ ಒಂದು ಕಪ್ಪು ಚಿತ್ರವನ್ನು ಒಳಗೇ ತೆಗೆದು, ಬಿಸಿಯಾದ ಪಿಕ್ಸೆಲ್‌ಗಳ ಚುಕ್ಕೆಗಳನ್ನು ಅದರ ಸಹಾಯದಿಂದ ಕಳೆಯಲಾಗುತ್ತದೆ.

ಕ್ಯಾಮೆರಾ ಮಂಡ್ಯಕ್ಕೆ ಮರಳುವ ಮೊದಲು ಎರಡು ಹೊಂದಾಣಿಕೆಗಳನ್ನು ಮೋಡ್ ಡಯಲಿನಲ್ಲಿ ಉಳಿಸಿಕೊಟ್ಟೆ. ಸಿ1 ಹಕ್ಕಿಗಳಿಗೆ: ಎಂ ಮೋಡ್, ಐಎಸ್‌ಒ 400, ಎಫ್/6.3, 1/3200, ಯಾಂತ್ರಿಕ ಶಟರ್, ಬ್ರ್ಯಾಕೆಟಿಂಗ್ ಆಫ್. ಸಿ2 ಸಭಾಂಗಣಕ್ಕೆ: ಯಾಂತ್ರಿಕ ಶಟರ್, ಆ್ಯಂಟಿ-ಫ್ಲಿಕರ್ ಆನ್, 1/250, ಮೇಲ್ಮಿತಿ 6400 ಇರುವ ಆಟೋ ಐಎಸ್‌ಒ, ಫ್ಲ್ಯಾಶ್ ಕಳಚಿ ಚೀಲದಲ್ಲಿ. ಈ ಮೋಡ್‌ಗಳಿಗೆ ಸ್ವಯಂ ಅಪ್‌ಡೇಟ್ ಎಂಬ ಆಯ್ಕೆಯೂ ಇದೆ, ಅದನ್ನು ಆಫ್ ಮಾಡಿಟ್ಟಿದ್ದೇನೆ. ನಡುವೆ ಅವಳು ಏನನ್ನು ಬದಲಾಯಿಸಿದರೂ ಕ್ಯಾಮೆರಾವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಉಳಿಸಿದ ಅಂಕಿಗಳೇ ಮರಳಿ ಬರುತ್ತವೆ.